ಅಮೃತಶಿಲೆಯ ಹಕ್ಕಿ, ಕರಿಕಲ್ಲಿನ ಬಾಹುಬಲಿ

ಆರಾಧ್ಯಮೂರ್ತಿಯನ್ನು ಕೆತ್ತಲು ತೊಡಗಿದ ಶಿಲ್ಪಿಯು ತನ್ನ ಪ್ರತಿಭೆಯನ್ನು ಎಷ್ಟು ಮೆರೆಯಿಸಬೇಕು, ಎಷ್ಟು ಅಡಗಿಸಬೇಕು? ಇಪ್ಪತ್ತನೆಯ ಶತಮಾನದ ಭಾರತದಲ್ಲಿ ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ದೊರೆತವು.

ಇಂದೂರಿನ ಮಹಾರಾಜ ಯಶವಂತರಾವ್ ಹೋಳ್ಕರರು 1930ರ ದಶಕದಲ್ಲಿ, ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ರುಮೇನಿಯಾದ ಶಿಲ್ಪಿ ಬ್ರಾಂಕೂಸಿಯಿಂದ ಮೂರು ಹಕ್ಕಿಗಳನ್ನು ಪಡೆದರು. ಒಂದು ಕಂಚಿನದು, ಮತ್ತೆರಡು ಕಪ್ಪು ಮತ್ತು ಬಿಳಿ ಅಮೃತಶಿಲೆಯವು. ಅವುಗಳಿಗೆ ರೆಕ್ಕೆಯಿಲ್ಲ, ಗರಿಯಿಲ್ಲ; ಊರ್ಧ್ವಗಮನವೊಂದೇ ಉಳಿದ ನುಣುಪು ಶಿಲೆ. ಇವುಗಳನ್ನಿರಿಸಲು ಧ್ಯಾನಮಂದಿರವೊಂದರ ಯೋಜನೆಯೂ ಆಯಿತು, ಶಿಲ್ಪಿಯು ಇಂದೂರಿಗೂ ಬಂದನು. ಆದರೆ ಮಂದಿರ ಮೇಲೇಳಲಿಲ್ಲ. ಅಮೃತಶಿಲೆಯ ಜೋಡಿ ಈಗ ಆಸ್ಟ್ರೇಲಿಯಾದ ಕ್ಯಾನ್‌ಬೆರಾದ ಕಲಾಸಂಗ್ರಹಾಲಯದಲ್ಲಿದೆ.

ಕನ್ನಡ ನಾಡಿನ ಉತ್ತರ ಬೇರೆ. ಶ್ರವಣಬೆಳಗೊಳ, ಕಾರ್ಕಳ (1432), ವೇಣೂರುಗಳ (1604) ಪರಂಪರೆ ಮೂರೂವರೆ ಶತಮಾನ ಮೌನವಾಗಿದ್ದ ಮೇಲೆ, ಧರ್ಮಸ್ಥಳದ ರತ್ನವರ್ಮ ಹೆಗ್ಗಡೆಯವರು ಹೊಸ ಬಾಹುಬಲಿಯ ಸಂಕಲ್ಪ ಮಾಡಿದರು. ಕೆತ್ತನೆಯ ಹೊಣೆ ಹೊತ್ತವರು ರೆಂಜಾಳ ಗೋಪಾಲ ಶೆಣೈ. ಅವರು ಜೈನರಲ್ಲ, ಎಪ್ಪತ್ತರ ಆಸುಪಾಸಿನ ಗೌಡ ಸಾರಸ್ವತ ಶಿಲ್ಪಿ. 1967ರಲ್ಲಿ ಕಾರ್ಕಳದ ಬಂಡೆಯಲ್ಲಿ ಕೆಲಸ ತೊಡಗಿತು. ಮರುವರ್ಷವೇ ರತ್ನವರ್ಮರು ತೀರಿಕೊಂಡರು. ಪೀಠವೇರಿದ ತರುಣ ವೀರೇಂದ್ರ ಹೆಗ್ಗಡೆಯವರು ತಂದೆಯ ಸಂಕಲ್ಪವನ್ನು ಕೈಬಿಡಲಿಲ್ಲ.

ಶೆಣೈಯವರು ಹೊಸ ರೂಪವನ್ನು ಅರಸಲಿಲ್ಲ. ಜೋಲುವ ನೀಳಬಾಹು, ಮೈಗೆ ಹಬ್ಬಿದ ಬಳ್ಳಿ, ಕಾಯೋತ್ಸರ್ಗದ ನಿಲುವು ಎಲ್ಲವೂ ಪರಂಪರಾಗತ. ಇದನ್ನು ಅನುಕರಣವೆಂದು ಕಡೆಗಣಿಸುವ ಕಲಾರಸಿಕರಿಗೆ ಒಂದು ಮಾತು ಹೇಳಬೇಕಾಗುತ್ತದೆ. ಆಯುಧ, ಆಭರಣ, ವಸ್ತ್ರ, ಹಸ್ತಮುದ್ರೆ ಇವನ್ನೆಲ್ಲ ಈ ಮೂರ್ತಿಯು ಸಾವಿರ ವರ್ಷಗಳ ಹಿಂದೆಯೇ ತೊರೆದಿದೆ. ಹಕ್ಕಿಯಿಂದ ಗರಿಯನ್ನು ಕಳೆದು ಬ್ರಾಂಕೂಸಿಯು ತಲುಪಲೆಳಸಿದ ಸರಳತೆ ಇಲ್ಲಿ ಆರಂಭದಲ್ಲಿಯೇ ಇದೆ. ಇನ್ನೂ ಕಳೆಯಲು ಹೊರಟರೆ ಮುಖವೇ ಹೋದೀತು. ಮುಖ ಹೋದರೆ ಕ್ಷಮೆಯನ್ನು ಎಲ್ಲಿ ಕಾಣುವುದು? ಅಣ್ಣನನ್ನು ಗೆದ್ದೂ ರಾಜ್ಯವನ್ನು ತ್ಯಜಿಸಿದವನ ಮೂರ್ತಿಯಲ್ಲಿ ಶಿಲ್ಪಿಯ ಗೆಲುವು ಎದ್ದು ಕಾಣುವುದು ಅಸಂಗತವೇ ಸರಿ. ಹಾಗೆಂದು ಕೈಚಳಕಕ್ಕೆ ಎಡೆಯಿಲ್ಲವೆಂದಲ್ಲ. ರೆಪ್ಪೆಯ ಇಳಿವಿನಲ್ಲಿ, ತುಟಿಯಂಚಿನ ಮಂದಸ್ಮಿತದಲ್ಲಿ ಒಂದು ಉಳಿಯೇಟು ತಪ್ಪಿದರೂ ವೈರಾಗ್ಯವು ಔದಾಸೀನ್ಯವಾಗಿಬಿಡುತ್ತದೆ.

39 ಅಡಿ ಎತ್ತರದ ಈ ಏಕಶಿಲಾಮೂರ್ತಿಯನ್ನು 1973ರಲ್ಲಿ ಬಹುಚಕ್ರಗಳ ಟ್ರಾಲಿಯ ಮೇಲೆ ಮಲಗಿಸಿ ಧರ್ಮಸ್ಥಳಕ್ಕೆ ಸಾಗಿಸಲಾಯಿತು. ದಾರಿಯುದ್ದಕ್ಕೂ ಜನ ನೆರೆದರು. ಮಂಜುನಾಥಸ್ವಾಮಿಯ ಕ್ಷೇತ್ರದಲ್ಲಿ, ದೇಗುಲದ ಸಮೀಪದ ಬೆಟ್ಟದ ಮೇಲೆ 1982ರಲ್ಲಿ ಪ್ರತಿಷ್ಠೆ ನೆರವೇರಿತು. 1995, 2007 ಮತ್ತು 2019ರಲ್ಲಿ ಮಹಾಮಸ್ತಕಾಭಿಷೇಕಗಳು ಜರುಗಿದವು.