ಗುಂಡಿನ ಸದ್ದು, ದೀಪದ ಸಂಜ್ಞೆ

ಬಂದೂಕು ಹಿಡಿದವರ ಕಿವಿ ಬರಬರುತ್ತಾ ಮಂದವಾಗುತ್ತದೆ ಎಂಬುದು ವೈದ್ಯರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಲಂಡನ್ನಿನ ಕಿವಿ ವೈದ್ಯ ಜೋಸೆಫ್ ಟಾಯ್ನ್‌ಬಿ 1860ರ ತಮ್ಮ ಗ್ರಂಥದಲ್ಲೇ ಇದನ್ನು ಗುರುತಿಸಿದ್ದರು: ಬೇಟೆಗಾರರು ಯಾವ ಹೆಗಲಿಗೆ ಬಂದೂಕು ಆನಿಸುತ್ತಾರೋ ಅದರ ಎದುರು ಬದಿಯ ಕಿವಿ ಹೆಚ್ಚು ಕೆಡುತ್ತದೆ. ಬಲಹೆಗಲಿಗೆ ಕೋವಿ ಏರಿಸಿ ಕೆನ್ನೆ ಒತ್ತಿದರೆ ಎಡಗಿವಿ ನಳಿಗೆಯ ಬಾಯಿಯತ್ತ ತಿರುಗುತ್ತದೆ, ಬಲಗಿವಿ ತಲೆಯ ಮರೆಯಲ್ಲಿ ಉಳಿಯುತ್ತದೆ. ಕಾರಣ ತಿಳಿದು ಒಂದೂವರೆ ಶತಮಾನ ದಾಟಿದ ಮೇಲೂ ಶೂಟಿಂಗ್ ಕ್ರೀಡೆ ಕಿವಿಯ ಹೊಣೆಯನ್ನು ಆಟಗಾರನ ಮೇಲೆಯೇ ಹೊರಿಸಿ ಸುಮ್ಮನಿದೆ. ಕಿವಿಗೆ ಏನನ್ನು ತುರುಕಬೇಕು ಎಂಬುದರ ಬಗ್ಗೆ ನಡೆದಷ್ಟು ಯೋಚನೆ, ಕಿವಿ ಮುಚ್ಚಿಕೊಂಡವನ ಜೊತೆ ರೇಂಜ್ ಹೇಗೆ ಮಾತಾಡಬೇಕು ಎಂಬುದರ ಬಗ್ಗೆ ನಡೆದಿಲ್ಲ. ಈ ಎರಡನೆಯ ಪ್ರಶ್ನೆಗೆ ಉತ್ತರ ಕಿವುಡರ ಕ್ರೀಡಾಕೂಟಗಳಲ್ಲಿದೆ. ಅದನ್ನು ಎಲ್ಲ ಶೂಟಿಂಗ್ ಸ್ಪರ್ಧೆಗಳಿಗೂ ತರಬೇಕು ಎಂಬುದು ನನ್ನ ವಾದ.

ಮೊದಲು ಸದ್ದಿನ ಲೆಕ್ಕ ನೋಡೋಣ. ಕ್ಷಣಮಾತ್ರದ ಸ್ಫೋಟದ ಸದ್ದಿಗೆ 140 ಡೆಸಿಬೆಲ್ ಶಿಖರಮಟ್ಟವನ್ನು ಅಪಾಯದ ಗಡಿಯೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 120. ಎನ್‌ಸಿಸಿ ಕೆಡೆಟ್‌ಗಳು ಕಲಿಯುವ .22 ರೈಫಲ್ ಈ 140ರ ಆಸುಪಾಸಿನಲ್ಲಿದೆ. ನಳಿಗೆ ಗಿಡ್ಡವಾಗಿರುವ .22 ಪಿಸ್ತೂಲಿನ ಸದ್ದು ಇನ್ನೂ ಹೆಚ್ಚು. ಟ್ರ್ಯಾಪ್, ಸ್ಕೀಟ್ ಸ್ಪರ್ಧೆಗಳ 12 ಬೋರ್ ಬಂದೂಕು 150 ದಾಟುತ್ತದೆ. ನಮ್ಮ ದೇಶದ ನಿಯಮದಲ್ಲಿ ಪಟಾಕಿಯ ಸದ್ದು ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ 145 ಮೀರಬಾರದು. ಬಂದೂಕಿನ ಬಾಯಿಯಾದರೋ ಕಿವಿಯಿಂದ ಮೀಟರಿನಷ್ಟೇ ದೂರ. ಜೋರು ಸದ್ದಿಗೆ ನಡುಗಿವಿಯ ಸ್ನಾಯುಗಳು ಬಿಗಿದುಕೊಂಡು ಒಳಗಿವಿಯನ್ನು ಕಾಯಲು ನೋಡುತ್ತವೆ, ಆದರೆ ಅವು ಬಿಗಿಯುವಷ್ಟರಲ್ಲಿ ಗುಂಡಿನ ಅಲೆ ಒಳಹೊಕ್ಕು ಮುಗಿದಿರುತ್ತದೆ. ಅಲ್ಲಿ ಸತ್ತ ರೋಮಕೋಶಗಳು ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ ಮೊದಲು ತಗ್ಗು ಕಾಣುವುದು 4,000 ಹರ್ಟ್ಸ್ ಸುತ್ತ. ಮಾತಿನ ಸ್ವರಗಳು ಕೇಳಿಸುತ್ತವೆ, ‘ಸ’, ‘ಶ’, ‘ತ’ಗಳಂಥ ವ್ಯಂಜನಗಳು ಜಾರುತ್ತವೆ. ಹಾಗಾಗಿ ಕಿವಿ ಕೆಟ್ಟವನಿಗೇ ಅದು ಕೆಟ್ಟದ್ದು ಗೊತ್ತಾಗದೆ, ಎದುರಿನವರೇ ಗೊಣಗುತ್ತಿದ್ದಾರೆ ಎಂದುಕೊಳ್ಳುತ್ತಾ ವರ್ಷಗಳು ಕಳೆಯುತ್ತವೆ. ಜೊತೆಗೆ ಬರುವ ಕಿವಿಮೊರೆತಕ್ಕೆ ಇಂದಿಗೂ ಖಚಿತ ಔಷಧವಿಲ್ಲ.

ರಕ್ಷಣೆಯ ಸಾಧನಗಳ ಚರಿತ್ರೆ ಬಹುಮಟ್ಟಿಗೆ ಯುದ್ಧಗಳ ಚರಿತ್ರೆ. ಮೊದಲ ಮಹಾಯುದ್ಧದ ಹೊತ್ತಿಗೆ ಸೈನಿಕರಿಗಾಗಿ ಇಯರ್‌ಪ್ಲಗ್‌ಗಳು ಬಂದವು, ಎರಡನೆಯದರಲ್ಲಿ ಅಳತೆಗೆ ತಕ್ಕ ರಬ್ಬರಿನವು. ಹಿಂಡಿದರೆ ಕುಗ್ಗಿ ಕಿವಿಯೊಳಗೆ ನಿಧಾನವಾಗಿ ಹಿಗ್ಗುವ ಫೋಮ್ ಪ್ಲಗ್ 1970ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ಬಂದಮೇಲೆ ರಕ್ಷಣೆ ಅಗ್ಗವೂ ಆಯಿತು. ಆದರೆ ಪೊಟ್ಟಣದ ಮೇಲೆ ಅಚ್ಚಾದ ಅಂಕಿ ಸಿಗುವುದು ಸರಿಯಾಗಿ ತೊಟ್ಟವರಿಗೆ ಮಾತ್ರ. ಪ್ಲಗ್ಗಿನ ಮೇಲೆ ಇಯರ್‌ಮಫ್ ಕೂಡ ಧರಿಸಿದರೆ ಎರಡರ ಮೊತ್ತ ದಕ್ಕುವುದಿಲ್ಲ. ಐದಾರು ಡೆಸಿಬೆಲ್ ಹೆಚ್ಚಬಹುದು, ಏಕೆಂದರೆ ಸದ್ದು ತಲೆಬುರುಡೆಯ ಮೂಲಕವೂ ಒಳಕ್ಕೆ ಇಳಿಯುತ್ತದೆ. ಸೂರಿರುವ ರೇಂಜಿನಲ್ಲಿ, ಗೋಡೆಗಳು ಸದ್ದನ್ನು ಹಿಂದಿರುಗಿಸುವ ಕಡೆ, ಆ ಐದಾರಕ್ಕೂ ಬೆಲೆಯಿದೆ.

ತೊಡಕು ಶುರುವಾಗುವುದು ಇಲ್ಲೇ. ಎರಡು ಪದರ ಮುಚ್ಚಿಕೊಂಡ ಶೂಟರ್ ಅಷ್ಟು ಹೊತ್ತು ಕಿವುಡನೇ. ಆದರೆ ‘ಲೋಡ್’, ‘ಸ್ಟಾರ್ಟ್’, ‘ಸ್ಟಾಪ್’ ಎಂದು ಕೂಗುವುದನ್ನು ಅವನು ಕೇಳಿಸಿಕೊಳ್ಳಬೇಕು. ಆಜ್ಞೆ ತಪ್ಪಿದರೆ ಅಂಕ ಹೋಗುತ್ತದೆ, ಒಮ್ಮೊಮ್ಮೆ ಪಕ್ಕದವರ ಜೀವಕ್ಕೂ ಅಪಾಯ. ಸ್ವಲ್ಪ ಕೇಳಿಸಲಿ ಎಂದು ಮಫ್ಫನ್ನು ಒಂದಿಷ್ಟು ಸರಿಸುವುದು, ಪ್ಲಗ್ಗನ್ನು ಸಡಿಲವಾಗಿ ಇಡುವುದು ಇಂಥ ಕಡೆ ಸಹಜವಾದ ಪ್ರಲೋಭನೆ. ಆಗಲೇ ಒಂದಷ್ಟು ಕೇಳ್ಮೆ ಕಳೆದುಕೊಂಡ ಹಿರಿಯ ಆಟಗಾರನಿಗೆ ಅದು ಎರಡರಷ್ಟು. ಮಾತನ್ನು ಒಳಬಿಟ್ಟು ಸ್ಫೋಟವನ್ನು ತಡೆಯುವ ಎಲೆಕ್ಟ್ರಾನಿಕ್ ಮಫ್‌ಗಳಿವೆಯಲ್ಲ ಎನ್ನಬಹುದು. ಬೇಟೆಗಾರನಿಗೆ, ರೇಂಜಿನ ಅಧಿಕಾರಿಗೆ ಅವು ಒಳ್ಳೆಯವೇ. ಆದರೆ ತರಂಗಗ್ರಾಹಕವಿರುವ ಸಾಧನಗಳನ್ನು ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮಗಳು ಸ್ಪರ್ಧಿಗಳಿಗೆ ಕೊಡುವುದಿಲ್ಲ, ಹೊರಗಿನಿಂದ ತರಬೇತುದಾರ ಪಿಸುಗುಟ್ಟದಂತೆ ತಡೆಯುವುದು ನ್ಯಾಯವೇ. ಬೆಲೆಯೂ ಹಳ್ಳಿಯ ಹುಡುಗನ ಕೈಗೆ ಎಟುಕುವುದಿಲ್ಲ.

ಕಿವುಡರ ಕ್ರೀಡಾಕೂಟ ಈ ಕಗ್ಗಂಟನ್ನು ಬೇರೆ ತುದಿಯಿಂದ ಬಿಡಿಸಿತು. 1924ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ, ಇಂದು ಡೆಫ್ಲಿಂಪಿಕ್ಸ್ ಎನ್ನುವ ಕೂಟದ ಮೊದಲ ಆವೃತ್ತಿಯಲ್ಲೇ ಶೂಟಿಂಗ್ ಇತ್ತು. ಚೆನ್ನಾಗಿ ಕೇಳಿಸುವ ಕಿವಿಯಲ್ಲೂ ಕನಿಷ್ಠ 55 ಡೆಸಿಬೆಲ್ ನಷ್ಟವಿರುವವರಿಗೆ ಮಾತ್ರ ಅಲ್ಲಿ ಪ್ರವೇಶ. ಸ್ಪರ್ಧೆಯ ಹೊತ್ತಿನಲ್ಲಿ ಶ್ರವಣಸಾಧನವನ್ನು ತೆಗೆದಿಡಬೇಕು. ಆದ್ದರಿಂದ ಆಜ್ಞೆ ದೀಪದ ಸಂಜ್ಞೆಯಾಗಿ ಕಣ್ಣಿಗೆ ಕಾಣಲೇಬೇಕಾಯಿತು. ಹೈದರಾಬಾದಿನ ಧನುಷ್ ಶ್ರೀಕಾಂತ್ 2022ರ ಮೇ ತಿಂಗಳಲ್ಲಿ ಬ್ರೆಜಿಲ್‌ನ ಕಾಶಿಯಾಸ್ ದೊ ಸುಲ್‌ನಲ್ಲಿ ನಡೆದ ಡೆಫ್ಲಿಂಪಿಕ್ಸ್‌ನಲ್ಲಿ 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದರು. ಶೌರ್ಯ ಸೈನಿ ಅದೇ ಸ್ಪರ್ಧೆಯಲ್ಲಿ ಕಂಚು ಪಡೆದರು. 2025ರ ಟೋಕಿಯೊ ಕೂಟದಲ್ಲೂ ಧನುಷ್ ಚಿನ್ನ ಉಳಿಸಿಕೊಂಡರು. ಕೇಳಿಸುವ ಆಜ್ಞೆ ಇಲ್ಲದಿದ್ದರೆ ಉತ್ತಮ ಶೂಟಿಂಗ್ ಸಾಧ್ಯವಿಲ್ಲ ಎನ್ನುವವರಿಗೆ ಈ ಪದಕಗಳಿಗಿಂತ ಬೇರೆ ಸಾಕ್ಷ್ಯ ಬೇಡ.

ಗುರಿಯ ಮೇಲೆ ಕಣ್ಣು ನೆಟ್ಟವನು ದೀಪ ನೋಡುವುದೆಂತು, ಅದು ಅಪಾಯವಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದು. ಆದರೆ ಸಾಮಾನ್ಯ ಕ್ರೀಡೆಯೇ ಇದಕ್ಕೆ ಉತ್ತರ ಕೊಟ್ಟಿದೆ: 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಗುರಿಯ ಪಕ್ಕದಲ್ಲೇ ಕೆಂಪು, ಹಸಿರು ದೀಪಗಳಿದ್ದು, ಹಸಿರು ಬೆಳಗಿದ ಸೆಕೆಂಡುಗಳಲ್ಲೇ ಐದು ಗುಂಡು ಹಾರಿಸಬೇಕು. ಅತಿ ವೇಗದ ಸ್ಪರ್ಧೆಯನ್ನೇ ದೀಪಕ್ಕೆ ಒಪ್ಪಿಸಿದ ಕ್ರೀಡೆ ನಿಧಾನದ ಸ್ಪರ್ಧೆಗಳಲ್ಲಿ ಕಂಠವನ್ನೇ ನೆಚ್ಚುವುದಕ್ಕೆ ರೂಢಿಯ ಹೊರತು ಕಾರಣ ಕಾಣೆ. ಕೂಗು ನಿಲ್ಲಲಿ ಎಂದು ಯಾರೂ ಕೇಳುತ್ತಿಲ್ಲ. ಅದರ ಜೊತೆಗೆ ದೀಪವೂ ಇರಲಿ, ಅದೂ ಗುರಿಯ ಸಾಲಿನಲ್ಲಿ. ಏರ್ ರೈಫಲ್‌ನಂಥ ಮೆತ್ತಗಿನ ಸದ್ದಿನವರಿಗೆ ಇದು ಯಾಕೆ ಎನ್ನುವುದೂ ಸಲ್ಲದು. ಹೆಚ್ಚಿನವರು ಅಲ್ಲಿ ಕಲಿತು .22ಕ್ಕೆ, 12 ಬೋರಿಗೆ ಹೋಗುತ್ತಾರೆ, ಅಭ್ಯಾಸ ಕೂಡಬೇಕಾದದ್ದು ಕಲಿಯುವಾಗಲೇ.

ಕರ್ನಾಟಕದಲ್ಲಿ ಈ ಚರ್ಚೆಗೆ ಕೊಡಗಿನಷ್ಟು ಹೊಂದುವ ನೆಲ ಇನ್ನೊಂದಿಲ್ಲ. 1861ರಷ್ಟು ಹಿಂದೆಯೇ ಬಂದೂಕು ಪರವಾನಗಿಯಿಂದ ಕೊಡವರಿಗೆ ವಿನಾಯಿತಿ ದೊರೆತಿತ್ತು, ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಕೈಲ್ ಮುಹೂರ್ತ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸಿ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಊರೂರಲ್ಲಿ ನಡೆಯುತ್ತದೆ. ವರ್ಷಕ್ಕೊಮ್ಮೆ, ಬಯಲಿನಲ್ಲಿ, ಒಬ್ಬೊಬ್ಬರಿಗೆ ಕೆಲವೇ ಗುಂಡು, ಇದಕ್ಕೂ ಕಿವಿಯ ಚಿಂತೆಯೇ ಎಂದರೆ, ಚಿಂತೆ ಹೊಡೆಯುವವನಿಗಿಂತ ಸುತ್ತ ನಿಂತ ಮಕ್ಕಳದು, ಎಲ್ಲರ ಗುಂಡಿನ ಸದ್ದೂ ಅವರ ಕಿವಿಗೇ. ಗೆರೆ ಎಳೆದು ಜನರನ್ನು ಹಿಂದೆ ನಿಲ್ಲಿಸುವುದು, ಕೋವಿ ಏರಿದಾಗ ಬಾವುಟ ಎತ್ತುವುದು ಹಬ್ಬದ ಸಂಭ್ರಮವನ್ನು ಕುಗ್ಗಿಸುವುದಿಲ್ಲ.

ಕೋಲಾರದ ಕಡೆ ಇಂಥ ಸಂಪ್ರದಾಯವಿಲ್ಲ. ಆದರೆ ಗದ್ದಲ ಕಿವಿಯನ್ನು ತಿನ್ನುತ್ತದೆ ಎಂಬುದು 2001ರವರೆಗೆ ಚಿನ್ನದ ಗಣಿ ನಡೆದ ಜಿಲ್ಲೆಗೆ ಹೊಸದಾಗಿ ಹೇಳಬೇಕಾಗಿಲ್ಲ. ದುಡಿಮೆಯ ಗದ್ದಲದಿಂದಾದ ಶ್ರವಣದೋಷವನ್ನು ಕಾರ್ಮಿಕ ಕಾಯ್ದೆ ಔದ್ಯೋಗಿಕ ರೋಗವೆಂದೇ ಎಣಿಸುತ್ತದೆ. ಆಟದ ಗದ್ದಲಕ್ಕೆ ಅಂಥ ಕಾಯ್ದೆಯ ಆಸರೆಯಿಲ್ಲ, ಆದ್ದರಿಂದ ಮೊದಲ ಗುಂಡಿಗೆ ಮುಂಚಿನ ಆಡಿಯೋಗ್ರಾಮ್, ಅಂದರೆ ಶ್ರವಣ ಪರೀಕ್ಷೆಯ ನಕ್ಷೆ, ಮುಖ್ಯ. ನಂಗಲಿ, ಮುಳಬಾಗಿಲು ಕಡೆಯಿಂದ ಎನ್‌ಸಿಸಿ ಶಿಬಿರಕ್ಕೆ ಹೋಗುವ ಮಕ್ಕಳಿಗೆ ಕೋಲಾರದ ಜಿಲ್ಲಾಸ್ಪತ್ರೆ, ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜು ಹತ್ತಿರವಿವೆ. ಇನ್ನೂ ಆಳವಾದ ಪರೀಕ್ಷೆಗೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಆ ಮೊದಲ ನಕ್ಷೆ ಕಡತದಲ್ಲಿದ್ದರೆ ಮುಂದಿನ ವರ್ಷ 4,000 ಹರ್ಟ್ಸ್‌ನಲ್ಲಿ ತಗ್ಗು ಮೂಡಿದೆಯೋ ಇಲ್ಲವೋ ಎಂದು ಹೋಲಿಸಿ ನೋಡಬಹುದು. ಮೂಡಿದ್ದರೂ ಆ ಮಕ್ಕಳು ಆಟ ಬಿಡಬೇಕಾಗಿಲ್ಲ. ಪ್ಲಗ್ ತೊಡುವ ರೀತಿಯನ್ನು ತಿದ್ದಿ, ಎರಡನೆಯ ಪದರ ಸೇರಿಸಿ, ದೀಪವಿರುವ ಸಾಲಿನಲ್ಲಿ ನಿಲ್ಲಿಸಿದರೆ ಅವರು ಮುಂದುವರಿಯಬಹುದು.