ಮಿಷನ್ ಆಸ್ಪತ್ರೆಯ ಹೆರಿಗೆ ದಾಖಲೆ ಮತ್ತು ಮಕ್ಕಳ ಬೊಜ್ಜು

ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ. ವೆಸ್ಲಿಯನ್ ಮಿಷನರಿಗಳು 1906ರಲ್ಲಿ ತೆರೆದ ಈ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟ ದಾಖಲೆಗಳು 1934ರಿಂದ ಉಳಿದುಬಂದಿವೆ. ಮಕ್ಕಳ ಬೊಜ್ಜಿನ ಬಗ್ಗೆ ಇಂದು ತಿಳಿದಿರುವ ಕೆಲವು ಮುಖ್ಯ ಸಂಗತಿಗಳಿಗೆ ಈ ದಾಖಲೆಗಳೇ ದಾರಿ ಮಾಡಿಕೊಟ್ಟವು.

ಇಂಗ್ಲೆಂಡಿನ ಸಂಶೋಧಕ ಡೇವಿಡ್ ಬಾರ್ಕರ್ ಅಲ್ಲಿನ ಹಳೆಯ ಹೆರಿಗೆ ದಾಖಲೆಗಳನ್ನು ಪರಿಶೀಲಿಸಿ, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಮುಂದೆ ಹೃದಯದ ಕಾಯಿಲೆ ಹೆಚ್ಚು ಎಂದು ತೋರಿಸಿದ್ದರು. ಅದೇ ಪರೀಕ್ಷೆ 1990ರ ದಶಕದಲ್ಲಿ ಮೈಸೂರಿನಲ್ಲೂ ನಡೆಯಿತು. 1934ರಿಂದ 1954ರೊಳಗೆ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿ, ಊರಿನಲ್ಲೇ ಉಳಿದಿದ್ದ 517 ಮಂದಿಯನ್ನು ಹುಡುಕಿ ತಪಾಸಣೆ ಮಾಡಲಾಯಿತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕವಿದ್ದವರಲ್ಲಿ ಶೇ. 11ರಷ್ಟು ಜನರಿಗೆ ಹೃದಯದ ಕಾಯಿಲೆಯಿತ್ತು. ಮೂರು ಕಿಲೋ ದಾಟಿ ತೂಗಿದ್ದವರಲ್ಲಿ ಅದು ಶೇ. 3ರಷ್ಟು ಮಾತ್ರ. ತಾಯಂದಿರೇ ಸೊರಗಿದ್ದ ಮನೆಗಳಲ್ಲಿ ಕಾಯಿಲೆ ಇನ್ನೂ ಹೆಚ್ಚು.

ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಶುರುವಾದ ‘ಪಾರ್ಥೆನಾನ್’ ಅಧ್ಯಯನ ಹೊಸ ತಲೆಮಾರಿನ ಕಡೆಗೆ ತಿರುಗಿತು. ಇದರಲ್ಲಿ ಬಸುರಿಯರ ರಕ್ತದ ಸಕ್ಕರೆಯನ್ನು ಪರೀಕ್ಷಿಸಿದಾಗ ಸುಮಾರು ಶೇ. 6ರಷ್ಟು ಮಂದಿಗೆ ಗರ್ಭಾವಸ್ಥೆಯ ಮಧುಮೇಹ ಕಂಡುಬಂತು. ಹುಟ್ಟಿದ ಕೂಸುಗಳ ಬೆನ್ನಿನಲ್ಲಿ, ಭುಜದ ಮೂಳೆಯ ಕೆಳಗಿನ ಚರ್ಮವನ್ನು ಕ್ಯಾಲಿಪರಿನಿಂದ ಹಿಡಿದು ದಪ್ಪ ಅಳೆದರು. ಬ್ರಿಟಿಷ್ ಶಿಶುಗಳಿಗೆ ಹೋಲಿಸಿದರೆ ಮೈಸೂರಿನ ಕೂಸುಗಳ ತೂಕ, ಉದ್ದ, ತೋಳಿನ ಸುತ್ತಳತೆ ಎಲ್ಲವೂ ಸಣ್ಣವು. ಆದರೆ ಬೆನ್ನಿನ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿರಲಿಲ್ಲ. ನಾಲ್ಕು ವರ್ಷ ತುಂಬುವ ಹೊತ್ತಿಗೆ ಅದು ಬ್ರಿಟಿಷ್ ಮಕ್ಕಳಿಗಿಂತಲೂ ಹೆಚ್ಚಾಗಿತ್ತು. ಸಣಕಲಾಗಿ ಕಾಣುವ ಮಗುವಿನ ಮೈಯಲ್ಲೂ ಕೊಬ್ಬು ಸೇರಿಕೊಂಡಿರಬಹುದು ಎಂಬುದನ್ನು ಈ ಅಳತೆ ತೋರಿಸಿತು. ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ, ಒಂಬತ್ತು–ಹತ್ತರ ವಯಸ್ಸಿಗೆ ಬೊಜ್ಜೂ ಹೆಚ್ಚು, ರಕ್ತದ ಸಕ್ಕರೆಯೂ ಹೆಚ್ಚು.

ದೆಹಲಿಯಲ್ಲಿ 1969ರಿಂದ 1972ರ ನಡುವೆ ಹುಟ್ಟಿದವರ ಅಧ್ಯಯನವೂ ಇದಕ್ಕೆ ಹೊಂದುವ ಮಾತನ್ನೇ ಹೇಳಿತು. ಎರಡು ವರ್ಷದವರೆಗೆ ತೆಳ್ಳಗಿದ್ದು, ಆಮೇಲೆ ಹನ್ನೆರಡರವರೆಗೆ ಎತ್ತರಕ್ಕೆ ಮೀರಿ ತೂಕ ಏರಿಸಿಕೊಂಡವರಲ್ಲಿ ಮಧುಮೇಹ ಹೆಚ್ಚಾಗಿತ್ತು; ಆದರೆ ಬಾಲ್ಯದಲ್ಲಿ ಅವರಲ್ಲಿ ಹೆಚ್ಚಿನವರು ನೋಡುವ ಕಣ್ಣಿಗೆ ದಪ್ಪಗಿರಲೇ ಇಲ್ಲ. ಮೈಕೈ ತುಂಬಿಕೊಳ್ಳಲಿ ಎಂದು ಸಣ್ಣ ಮಗುವಿಗೆ ಸಿಹಿ, ಬಿಸ್ಕತ್ತು, ಕರಿದ ತಿಂಡಿ ತುರುಕುವ ಪ್ರೀತಿಯ ಅಭ್ಯಾಸ ಈ ಕಾರಣಕ್ಕೇ ಅಪಾಯಕಾರಿ.

ಈಗಿನ ಲೆಕ್ಕ ಆತಂಕ ತರುತ್ತದೆ. 5ರಿಂದ 19 ವರ್ಷದ ಸ್ಥೂಲಕಾಯದ ಭಾರತೀಯ ಮಕ್ಕಳು 1990ರಲ್ಲಿ ಸುಮಾರು 4 ಲಕ್ಷ, 2022ರಲ್ಲಿ 1.25 ಕೋಟಿ. ಕರ್ನಾಟಕದಲ್ಲಿ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 3ರಷ್ಟು ಮಂದಿಗೆ ತೂಕ ಹೆಚ್ಚು, ಶೇ. 35ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದ ಕುಳ್ಳರು. ಹೀಗಿರುವಾಗ ಬೊಜ್ಜಿನ ಹೆಸರು ಹೇಳಿ ಶಾಲೆಯ ಬಿಸಿಯೂಟದ ಬೇಳೆಗೋ ಮೊಟ್ಟೆಗೋ ಕತ್ತರಿ ಹಾಕುವುದು ಅನ್ಯಾಯ. ಎರಡೂ ತೊಂದರೆಗಳ ಬೇರು ಭಾಗಶಃ ತಾಯಿಯ ಪೋಷಣೆಯಲ್ಲಿದೆ.

ಹಾಗಾಗಿ ತಡೆಯುವ ಕೆಲಸ ಗರ್ಭಿಣಿಯ ಪೋಷಣೆ ಮತ್ತು ಸಕ್ಕರೆ ಪರೀಕ್ಷೆಯಿಂದಲೇ ಶುರುವಾಗಬೇಕು. ಮೊದಲ ಆರು ತಿಂಗಳು ಎದೆಹಾಲು ಮಾತ್ರ. ಆಮೇಲೆ ಸಕ್ಕರೆ ಬೆರೆಸದ ಮನೆಯೂಟ. 300 ಮಿಲಿಲೀಟರ್ ಕೋಲಾದಲ್ಲಿ ಮೂವತ್ತು ಗ್ರಾಂಗೂ ಹೆಚ್ಚು ಸಕ್ಕರೆ, ಅಂದರೆ ಆರೇಳು ಚಮಚ, ಇರುತ್ತದೆ. ಶಾಲೆಗೆ ಹೋಗುವ ಮಕ್ಕಳು ದಿನಕ್ಕೆ ಒಂದು ಗಂಟೆಯಾದರೂ ಓಡಾಡಿ ಆಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದಕ್ಕೆ ಮೈದಾನ ಬೇಕು. ಮೈದಾನವೇ ಇಲ್ಲದ ಶಾಲೆಗಳಲ್ಲಿ ಈ ಸಲಹೆ ಕಾಗದದಲ್ಲೇ ಉಳಿಯುತ್ತದೆ. ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸುಗಳನ್ನು ಶಾಲೆಯ ಒಳಗೂ, ಗೇಟಿನಿಂದ 50 ಮೀಟರ್ ಒಳಗೂ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ನಿಯಮ ಮಾಡಿತು. ಸಿಬಿಎಸ್‌ಇ 2025ರಲ್ಲಿ ತನ್ನ ಶಾಲೆಗಳಿಗೆ, ತಂಪು ಪಾನೀಯ ಮತ್ತು ಕುರುಕಲು ತಿಂಡಿಗಳಲ್ಲಿರುವ ಸಕ್ಕರೆಯ ಪ್ರಮಾಣ ತಿಳಿಸುವ ಫಲಕಗಳನ್ನು ಹಾಕುವಂತೆ ಸೂಚಿಸಿತು.