ಗೋಲ್ ಚಕ್ಕರ್‌ನಲ್ಲಿ ಮೊದಲು ಯಾರು?

ದೆಹಲಿಗೆ ಬಂದ ಕನ್ನಡಿಗರಿಗೆ ಇಲ್ಲಿನ ಹಿಂದಿಯಾದರೂ ಬೇಗ ಒಲಿಯುತ್ತದೆ, ಗೋಲ್ ಚಕ್ಕರ್ ಒಲಿಯುವುದಿಲ್ಲ. ನಮ್ಮೂರುಗಳಲ್ಲಿ ನಾಲ್ಕು ರಸ್ತೆ ಸೇರುವ ಜಾಗವನ್ನೆಲ್ಲ ‘ಸರ್ಕಲ್’ ಎನ್ನುತ್ತೇವೆ, ಅಲ್ಲಿ ವೃತ್ತ ಇರಲಿ, ಬಿಡಲಿ. ಮೈಸೂರಿನ ಕೆ.ಆರ್. ಸರ್ಕಲ್ಲಿನಂಥ ನಿಜವಾದ ವೃತ್ತಗಳು ಕಡಿಮೆ. ನವದೆಹಲಿಯಲ್ಲಿ ಮಂಡಿ ಹೌಸ್, ವಿಂಡ್ಸರ್ ಪ್ಲೇಸ್ ಎಂದು ಒಂದಾದ ಮೇಲೊಂದು ಎದುರಾಗುತ್ತಲೇ ಇರುತ್ತವೆ. ಹೊಸದಾಗಿ ಕಾರು ಕಲಿತ ಗೆಳತಿಯರು ಕೇಳುವ ಪ್ರಶ್ನೆಯೂ ಇದೇ: ಅಲ್ಲಿ ಮೊದಲು ಹೋಗಬೇಕಾದವರು ಯಾರು? ‘ಧೈರ್ಯ ಇದ್ದವರು’ ಎನ್ನುವುದು ರೂಢಿಯ ಉತ್ತರ. ಕಾನೂನಿನ ಉತ್ತರ ಬೇರೆ. ಅದರ ಹಿಂದೆ ನೂರು ವರ್ಷದ ಕಥೆಯಿದೆ.

1903ರಲ್ಲಿ ನ್ಯೂಯಾರ್ಕ್ ನಗರಕ್ಕೆ ಸಂಚಾರ ನಿಯಮಗಳನ್ನು ಬರೆದುಕೊಟ್ಟವರು ವಿಲಿಯಂ ಫೆಲ್ಪ್ಸ್ ಈನೋ. ಅವರು ಸ್ವತಃ ಕಾರು ಓಡಿಸಲು ಕಲಿಯಲೇ ಇಲ್ಲವಂತೆ! 1905ರಲ್ಲಿ ಅಲ್ಲಿನ ಕೊಲಂಬಸ್ ಸರ್ಕಲ್‌ನಲ್ಲಿ ವಾಹನಗಳೆಲ್ಲ ಒಂದೇ ದಿಕ್ಕಿಗೆ ಸುತ್ತುವ ಪದ್ಧತಿ ಬಂತು. ಎರಡು ವರ್ಷಗಳ ನಂತರ ಪ್ಯಾರಿಸ್ಸಿನ ವಿಜಯ ಕಮಾನಿನ ಸುತ್ತಲೂ ಅದೇ ವ್ಯವಸ್ಥೆ. ಸುತ್ತುವ ದಿಕ್ಕು ನಿಶ್ಚಯವಾಯಿತು, ಯಾರು ಯಾರಿಗೆ ದಾರಿ ಬಿಡಬೇಕು ಎಂಬುದು ಉಳಿಯಿತು.

ಫ್ರಾನ್ಸಿನಲ್ಲಿ ಬಲದಿಂದ ಬರುವವರಿಗೆ ಮೊದಲ ಹಕ್ಕು. ಅಲ್ಲಿ ವಾಹನಗಳು ಓಡುವುದೂ ರಸ್ತೆಯ ಬಲಗಡೆ. ಹೀಗಾಗಿ ವೃತ್ತದೊಳಗೆ ಸುತ್ತುತ್ತಿರುವವರ ಬಲಕ್ಕೆ ಬರುವವರು ಹೊರಗಿನಿಂದ ನುಗ್ಗುವವರು. ಅವರಿಗಾಗಿ ಒಳಗಿನವರು ನಿಲ್ಲಬೇಕು. ನಿಂತವರ ಬಾಲ ಹಿಂದಿನ ರಸ್ತೆಯ ಬಾಯಿಗೆ ಅಡ್ಡವಾಗುತ್ತದೆ, ಹೊರಹೋಗಬೇಕಾದವರೂ ಸಿಕ್ಕಿಬೀಳುತ್ತಾರೆ. ನಮ್ಮ ಕಂಪ್ಯೂಟರ್ ಭಾಷೆಯಲ್ಲಿ ಇದಕ್ಕೆ ಡೆಡ್‌ಲಾಕ್ ಎನ್ನುತ್ತಾರೆ: ಪ್ರತಿಯೊಬ್ಬರೂ ಇನ್ನೊಬ್ಬರು ಜರುಗಲಿ ಎಂದು ಕಾಯುತ್ತಾರೆ, ಯಾರೂ ಜರುಗುವುದಿಲ್ಲ.

ಬ್ರಿಟನ್ನಿನಲ್ಲೂ 1966ರವರೆಗೆ ವೃತ್ತದಲ್ಲಿ ಯಾರು ಮೊದಲು ಎಂಬ ಸ್ಪಷ್ಟ ನಿಯಮವಿರಲಿಲ್ಲ. ಆ ವರ್ಷದ ನವೆಂಬರ್‌ನಲ್ಲಿ, ಒಳಗೆ ಸುತ್ತುತ್ತಿರುವವರಿಗೆ ಹೊರಗಿನವರು ದಾರಿ ಬಿಡಬೇಕು ಎಂದಾಯಿತು. ಈ ಬದಲಾವಣೆಯೊಂದಿಗೆ ಫ್ರಾಂಕ್ ಬ್ಲ್ಯಾಕ್‌ಮೋರ್ ಎಂಬ ಎಂಜಿನಿಯರ್ ಹೆಸರು ಸೇರಿಕೊಂಡಿದೆ. ಕಲ್ಲು, ಸಿಮೆಂಟು ಯಾವುದನ್ನೂ ಬದಲಿಸಬೇಕಾಗಲಿಲ್ಲ. ಸಾಲು ವೃತ್ತದ ಹೊರಗೆ ನಿಂತಿತು, ಒಳಗೆ ಖಾಲಿಯಾಗುತ್ತಾ ಹೋಯಿತು. ಫ್ರಾನ್ಸ್ ಕೂಡ 1980ರ ದಶಕದಲ್ಲಿ ಈ ದಾರಿ ಹಿಡಿಯಿತು. ವಿಜಯ ಕಮಾನಿನ ಬಳಿ ಮಾತ್ರ ಹಳೆಯ ಪದ್ಧತಿಯೇ ಉಳಿದಿದೆ.

ಇನ್ನು ನಮ್ಮ ಕಥೆ. 1931ರಲ್ಲಿ ಉದ್ಘಾಟನೆಯಾದ ನವದೆಹಲಿಯಲ್ಲಿ ಲಟ್ಯನ್ಸ್ ನಕ್ಷೆಯ ವೃತ್ತಗಳನ್ನು ಸುತ್ತುತ್ತಿದ್ದುದು ಟಾಂಗಾಗಳು, ಸೈಕಲ್‌ಗಳು ಮತ್ತು ಕೆಲವು ಕಾರುಗಳು. 1939ರ ಮೋಟಾರು ವಾಹನ ಕಾಯ್ದೆಯ ಹತ್ತನೆಯ ಅನುಸೂಚಿಯಲ್ಲಿ ಒಂದು ನಿಯಮ ಬಂತು. ಕೂಡುರಸ್ತೆಯಲ್ಲಿ ಮುಖ್ಯರಸ್ತೆ ಎಂದು ಗುರುತಿಸಿದ ರಸ್ತೆಗೆ ಸೇರುವಾಗ ಅಲ್ಲಿ ಸಾಗುವವರಿಗೆ ದಾರಿ ಬಿಡಿ, ಉಳಿದ ಕಡೆ ಬಲದಿಂದ ಬರುವವರಿಗೆ ದಾರಿ ಬಿಡಿ. ವೃತ್ತದ ಮಾತೇ ಇದರಲ್ಲಿಲ್ಲ. ಆದರೆ ನಾವು ಎಡಗಡೆ ಓಡಿಸುವವರು. ಕೂಡುರಸ್ತೆಗೆ ಕಾಲಿಟ್ಟ ಕೂಡಲೇ ಮೊದಲು ಅಡ್ಡ ಬರುವುದು ಬಲದ ವಾಹನ, ವೃತ್ತದಲ್ಲಿ ಸುತ್ತುತ್ತಿರುವವರು ಬರುವುದೂ ಬಲದಿಂದಲೇ. ಫ್ರಾನ್ಸಿನಲ್ಲಿ ಗಂಟು ಹಾಕಿದ ‘ಬಲ’ ನಮ್ಮಲ್ಲಿ ಗಂಟು ಬಿಡಿಸುತ್ತದೆ! 1989ರ ರಸ್ತೆ ನಿಯಮಗಳಲ್ಲೂ ಇದೇ ಮಾತು ಮುಂದುವರಿಯಿತು. 2017ರ ಚಾಲನಾ ನಿಯಮಾವಳಿ ವೃತ್ತದ ಹೆಸರು ಹಿಡಿದೇ ಹೇಳಿತು: ಒಳಗಿರುವ ವಾಹನಕ್ಕೇ ಮೊದಲ ಹಕ್ಕು.

ಇಷ್ಟು ವರ್ಷಗಳಿಂದ ಕಾನೂನಿನಲ್ಲಿರುವ ಈ ಮಾತನ್ನು ನಾನು ಕಲಿತ ಡ್ರೈವಿಂಗ್ ಸ್ಕೂಲಿನಲ್ಲಿ ಒಮ್ಮೆಯೂ ಹೇಳಲಿಲ್ಲ. ಕ್ಲಚ್ಚು, ಗೇರು, ರಿವರ್ಸ್‌ನಲ್ಲೇ ಪಾಠ ಮುಗಿಯಿತು. ಆದ್ದರಿಂದ ಹೊಸಬರಿಗೆ ನನ್ನ ಮಾತು ಇಷ್ಟೇ. ಸಿಗ್ನಲ್ ಇದ್ದರೆ ಅದರ ಮಾತೇ ಕೊನೆಯದು. ಇಲ್ಲದ ಕಡೆ ವೃತ್ತ ಹತ್ತಿರವಾಗುತ್ತಲೇ ವೇಗ ಇಳಿಸಿ, ಬಲಕ್ಕೆ ನೋಡಿ, ಜಾಗ ಸಿಗುವವರೆಗೆ ಕಾಯಿರಿ. ಹಿಂದಿನವರು ಹಾರ್ನ್ ಒತ್ತಿದರೆ ಒತ್ತಲಿ. ನಿಮ್ಮ ಬಲಕ್ಕೆ ಬರುತ್ತಿರುವ ಬಸ್ಸು ನಿಮಗೆ ಕಾಣುವಷ್ಟು ಅವರಿಗೆ ಕಾಣುವುದಿಲ್ಲ. ‘ಲೇಡೀಸ್ ಡ್ರೈವಿಂಗ್’ ಎಂದು ಯಾರಾದರೂ ಗೊಣಗಿದರೂ ಕಾನೂನು ನಿಂತವಳ ಕಡೆಗಿದೆ. ಒಳಗೆ ಹೋದ ಮೇಲೆ ಮರ್ಯಾದೆಗೆಂದು ನಿಂತು, ಕೈಬೀಸಿ ಹೊರಗಿನವರನ್ನು ಕರೆಯಬೇಡಿ. ಹಿಂದಿನ ಸ್ಕೂಟರ್‌ನವನಿಗೆ ನೀವು ನಿಲ್ಲುತ್ತೀರೆಂಬ ನಿರೀಕ್ಷೆಯೇ ಇರುವುದಿಲ್ಲ. ಹೊರಬರುವ ರಸ್ತೆಗೆ ಮುಂಚೆಯೇ ಎಡ ಇಂಡಿಕೇಟರ್ ಹಾಕಿ, ಎಡಕ್ಕೆ ಸರಿದುಕೊಳ್ಳಿ.

ಎದುರಿನ ವಾಹನ ನಿಯಮ ಮುರಿದು ನುಗ್ಗಿದರೆ ಮಾತ್ರ ಹಕ್ಕನ್ನು ಹಿಡಿದು ಕೂರಬೇಡಿ, ಬ್ರೇಕ್ ಒತ್ತಿ. ಅಂಬುಲೆನ್ಸ್ ಮತ್ತು ಅಗ್ನಿಶಾಮಕ ವಾಹನಕ್ಕೆ ಎಲ್ಲರೂ ದಾರಿ ಬಿಡಬೇಕು. ಸಿಗ್ನಲ್ ಇಲ್ಲದ ಜೀಬ್ರಾ ಪಟ್ಟಿಯ ಮೇಲೆ ನಡೆಯುವವರೇ ಮೊದಲು. ರಜೆಗೆ ಊರಿಗೆ ಹೋಗಿ ಚಾರ್ಮಾಡಿ ಘಾಟಿಯಲ್ಲಿ ಓಡಿಸುವವರಿಗೆ ಇನ್ನೊಂದು ಮಾತು: ರಸ್ತೆ ಕಿರಿದಾದ ಕಡೆ ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು. ಭಾರ ಹೊತ್ತ ಲಾರಿ ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಹೊರಡಿಸುವುದು ಎಷ್ಟು ಕಷ್ಟವೆಂದು ಆ ಚಾಲಕನಿಗೇ ಗೊತ್ತು.